ಬಾಡಿಗೆ ನಡಿಗೆ

ನಮ್ಮೂರಲ್ಲಿ ಮನುಷ್ಯರು ಹೇಳಿದ್ದನ್ನು ಯಾರೂ ನಂಬುವುದಿಲ್ಲ, ವಸ್ತುಗಳು ಹೇಳಿದ್ದನ್ನು ನಂಬುತ್ತಾರೆ. ಇಲ್ಲಿರುವ ಪ್ರತಿಯೊಂದಕ್ಕೂ ಹುಣಸೆ ಬೀಜದಷ್ಟು ದೊಡ್ಡ ಒಂದು ಮಣಿ ಅಂಟಿಸಿದ್ದಾರೆ. ಮಂಚಕ್ಕೆ, ನಲ್ಲಿಗೆ, ಒಲೆಗೆ, ಎಮ್ಮೆಯ ಕಿವಿಗೆ, ಕಾಲಿನ ಮೆಟ್ಟಿಗೆ, ಮನುಷ್ಯರ ಕೈಗೆ, ಎಲ್ಲಕ್ಕೂ. ಅವು ಹಗಲೆಲ್ಲ ತಮ್ಮತಮ್ಮಲ್ಲೇ ಮಾತಾಡಿಕೊಂಡು ಸಂಜೆ ಹೊತ್ತಿಗೆ ಪೇಟೆ ಚೌಕದ ಮಣಿಮನೆಗೆ ಚಾಡಿ ಒಪ್ಪಿಸುತ್ತವೆ. ಮಣಿಮನೆಯ ಗೋಡೆಯ ಮೇಲೆ ಒಂದು ದೊಡ್ಡ ಹಲಗೆ ಇದೆ. ಯಾರು ಎಷ್ಟು ನಡೆದರು, ಯಾರಿಗೆ ಒಳ್ಳೆಯ ನಿದ್ದೆ ಬಂತು, ಯಾರ ಮನೆಯ ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂಬುದೆಲ್ಲ ಅದರ ಮೇಲೆ ಮೂಡುತ್ತದೆ. ಜನ ಕತ್ತೆತ್ತಿ ಓದಿ, ಆ ದಿನ ತಾವು ಸುಖವಾಗಿದ್ದೆವೋ ಇಲ್ಲವೋ ಎಂದು ತಿಳಿದುಕೊಂಡು ಮನೆಗೆ ಹೋಗುತ್ತಾರೆ.

ಮಣಿಗಳ ಮೇಲೆ ನನಗೆ ಸಿಟ್ಟಿಲ್ಲ. ಎಣ್ಣೆ ಮಿಲ್ಲಿನ ಯಂತ್ರ ಕಾದರೆ ಬೆಂಕಿ ಹತ್ತುವ ಮೊದಲೇ ಮಣಿ ಕೂಗಿಕೊಳ್ಳುತ್ತದೆ. ಹೊಲದ ಮಣ್ಣು ಒಣಗಿದರೆ ಪಂಪು ತಾನೇ ಶುರುವಾಗುತ್ತದೆ. ಕ್ಯಾನಿನಲ್ಲಿ ಹಾಲು ಕೆಡುವ ಮುಂಚೆ ಡೇರಿಗೆ ಸುದ್ದಿ ಮುಟ್ಟುತ್ತದೆ, ಕಸದ ತೊಟ್ಟಿ ತುಂಬಿದರೆ ಯಾರೂ ಕರೆಯದೆ ಗಾಡಿ ಬರುತ್ತದೆ. ಇದನ್ನೆಲ್ಲ ಬೇಡ ಅನ್ನುವಷ್ಟು ದಡ್ಡಿ ನಾನಲ್ಲ. ನನ್ನ ತಕರಾರು ಇರುವುದು ಊರಿನ ಜನರ ಮೇಲೆ. ಯಂತ್ರಕ್ಕೆ ಕಟ್ಟಿದ್ದನ್ನು ತಾವೂ ಕಟ್ಟಿಕೊಂಡರು, ಕಟ್ಟಿಕೊಂಡ ಮೇಲೆ ಬುದ್ಧಿಯನ್ನು ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದರು. ಪಕ್ಕದ ಮನೆಯವಳನ್ನು ಊಟ ಆಯಿತಾ ಎಂದು ಕೇಳಿದರೆ, "ತಾಳು, ನೋಡ್ಕೊಂಡ್ ಬಂದು ಹೇಳ್ತೀನಿ" ಎಂದು ಒಳಗೆ ಹೋಗಿ ತಟ್ಟೆಯ ಮಣಿ ನೋಡಿ ಬರುತ್ತಾಳೆ. ಕೈಯಲ್ಲಿ ಅನ್ನದ ಅಗುಳು ಇನ್ನೂ ಅಂಟಿಕೊಂಡಿರುತ್ತದೆ.

ನನ್ನ ಹೆಸರು ಚೌಡಮ್ಮ. ನಾನು ಬಾಡಿಗೆಗೆ ನಡೆಯುವವಳು. ಹಲಗೆಯ ಮೇಲಿನ ಸಾಲಿನಲ್ಲಿ ಹೆಸರು ಬಂದವರಿಗೆ ಮಣಿಮನೆಯವರು ಶಾಲು ಹೊದಿಸುತ್ತಾರೆ, ಮದುವೆ ಮನೆಗಳಲ್ಲಿ ಅವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸುತ್ತಾರೆ. ಹಾಗಾಗಿ ಮೇಲಿನ ಸಾಲಿಗೆ ಏರುವ ಆಸೆ ಊರಿಗೆಲ್ಲ ಇದೆ, ನಡೆಯುವ ಆಸೆ ಮಾತ್ರ ಯಾರಿಗೂ ಇಲ್ಲ. ಅಂಥವರ ಮೆಟ್ಟು ಮೆಟ್ಟಿಕೊಂಡು, ನನ್ನ ಕೈಮಣಿ ಬಿಚ್ಚಿಟ್ಟು ಅವರದನ್ನು ಕಟ್ಟಿಕೊಂಡು ನಾನು ಓಡಾಡಿ ಬರುತ್ತೇನೆ. ನನ್ನಂಥವರು ಇನ್ನೂ ಇದ್ದಾರೆ. ಬೇರೆಯವರ ಮಂಚದಲ್ಲಿ ಮಲಗಿ ನಿದ್ದೆ ಮಾಡಿಕೊಡುವವನಿದ್ದಾನೆ. ಮೇಷ್ಟರ ಪುಸ್ತಕಗಳ ಹಾಳೆ ತಿರುವಿಕೊಡುವವಳಿದ್ದಾಳೆ. ಅತ್ಯಂತ ಅನ್ಯೋನ್ಯ ದಂಪತಿ ಎಂದು ಬಿರುದು ಪಡೆದವರ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ಯಾವ ಕಾಲವಾಯಿತೋ, ಪಡಸಾಲೆಯಲ್ಲಿ ಕೂತು ನಗಲು ಇಬ್ಬರು ಆಳುಗಳನ್ನು ಇಟ್ಟಿದ್ದಾರೆ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದವರೇ ಸಂಜೆ ಹಲಗೆ ನೋಡಿ, ಅಬ್ಬ ಎಂಥ ಜೋಡಿ ಎಂದು ಹೊಟ್ಟೆ ಉರಿದುಕೊಳ್ಳುತ್ತಾರೆ.

ನನ್ನ ಗಿರಾಕಿಗಳಲ್ಲಿ ದೊಡ್ಡವರು ಎಣ್ಣೆ ಮಿಲ್ಲಿನ ಸಾಹುಕಾರರು ಓಂಕಾರಪ್ಪನವರು. ಮಣಿ ಸಮಿತಿಯ ಅಧ್ಯಕ್ಷರು ಅವರೇ. ಮಣಿಗೆ ಮೋಸ ಮಾಡಿದವರ ಕೈಮಣಿ ಕಿತ್ತುಕೊಳ್ಳಬೇಕು ಎಂಬ ಕಾಯಿದೆ ತಂದವರೂ ಅವರೇ. ಕೈಮಣಿ ಹೋದವನಿಗೆ ನಮ್ಮೂರಲ್ಲಿ ನಲ್ಲಿ ನೀರು ಬಿಡುವುದಿಲ್ಲ, ಅಂಗಡಿಯ ತಕ್ಕಡಿ ತೂಗುವುದಿಲ್ಲ, ಅವನ ಮನೆಯ ಬಾಗಿಲೇ ಅವನಿಗೆ ತೆರೆಯುವುದಿಲ್ಲ. ಆ ಕಾಯಿದೆಗೆ ರುಜು ಹಾಕಿ ಮನೆಗೆ ಬಂದ ದಿನವೇ ಓಂಕಾರಪ್ಪನವರು ನನ್ನನ್ನು ಮಿಲ್ಲಿಗೆ ಹೊಂದಿಕೊಂಡ ತಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಕರೆಸಿ ತಮ್ಮ ಮೆಟ್ಟು ಕೊಟ್ಟರು. ಅದು ನನ್ನ ಕಾಲಿಗೆ ದೋಣಿಯಷ್ಟು ದೊಡ್ಡದು, ತುದಿಗೆ ಹಳೇ ಬಟ್ಟೆ ತುರುಕಿಕೊಂಡು ನಡೆದೆ. ಕಾಲು ನಡೆಯುವಾಗ ನಾಡಿ ಸುಮ್ಮನಿದ್ದರೆ ಮಣಿಮನೆಗೆ ಅನುಮಾನ ಬರುತ್ತದೆ ಎಂದು ಕೈಮಣಿಯನ್ನೂ ಬಿಚ್ಚಿಕೊಟ್ಟರು. ಬರಿಗೈ ಕಾಣದಿರಲೆಂದು ತಾವು ತುಂಬುತೋಳಿನ ಜುಬ್ಬ ಹಾಕಿಕೊಂಡು ಸಮಿತಿಯ ಸಭೆಗಳನ್ನು ಮನೆಯ ಪಡಸಾಲೆಯಲ್ಲೇ ನಡೆಸತೊಡಗಿದರು. ಬಾಗಿಲು, ನಲ್ಲಿಗಳಿಗೆ ಅವರ ಹೆಂಡತಿ ಮಂಗಳಮ್ಮನವರ ಮಣಿ ಸಾಕಾಗುತ್ತಿತ್ತು. ನೋಡುನೋಡುತ್ತಲೇ ಓಂಕಾರಪ್ಪನವರ ಹೆಸರು ಹಲಗೆಯ ತುದಿಗೆ ಹೋಗಿ ಕೂತಿತು. ಕೂತಲ್ಲಿಂದ ಏಳಲು ಇಬ್ಬರ ಆಸರೆ ಬೇಕಾಗುತ್ತಿದ್ದ ಮನುಷ್ಯ ಊರಿಗೆಲ್ಲ ಚುರುಕಾದವನು ಅನ್ನಿಸಿಕೊಂಡರು. ಶಾಲು ಹೊದಿಸಲು ಬಂದಾಗ ಎದ್ದು ನಿಲ್ಲಲಾಗದೆ ಕೂತೇ ಹೊದಿಸಿಕೊಂಡರು, ಬಂದವರು ಅದನ್ನು ವಿನಯ ಎಂದು ಹೊಗಳಿದರು.

ಇಷ್ಟಾದರೂ ಆ ಮನುಷ್ಯನ ಮೇಲೆ ನನಗೆ ಒಂದು ಬಗೆಯ ಮಮತೆ ಇತ್ತು, ಸುಳ್ಳೇಕೆ ಹೇಳಲಿ. ಬೇರೆ ಗಿರಾಕಿಗಳು ಮೆಟ್ಟು ಇಸಿದುಕೊಂಡು ಬಾಗಿಲು ಹಾಕುತ್ತಿದ್ದರು. ಇವರು ಹಾಗಲ್ಲ. ಸಂಜೆ ನಾನು ಬಂದ ಕೂಡಲೆ ಪಕ್ಕದಲ್ಲಿ ಕೂರಿಸಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಇವತ್ತು ನಾನು ಎಲ್ಲೆಲ್ಲಿಗೆ ಹೋಗಿದ್ದೆ ಚೌಡಮ್ಮ?"

"ಕೆರೆ ಏರಿ ಮ್ಯಾಲೆ ಹೋಗಿದ್ರಿ ಸಾವ್ಕಾರ್ರೆ. ಗಾಳಿ ತಣ್ಣಗಿತ್ತು. ಕುರಿ ಹಿಂಡು ಅಡ್ಡ ಬಂತು, ನಿಂತ್ಕೊಂಡ್ರಿ."

"ಆಮೇಲೆ?"

"ಆಮೇಲೆ ಏನು, ದಾರೀಲಿ ಬೋರೆಹಣ್ಣು ಬಿದ್ದಿದ್ವು. ನಾಕು ಆರಿಸ್ಕೊಂಡು ತಿಂದ್ರಿ."

"ಹುಳಿ ಇದ್ವಾ?"

"ವಸಿ ಹುಳಿನೇ."

ಹಣ್ಣು ತಾವೇ ತಿಂದವರ ಹಾಗೆ ಅವರು ಬಾಯಿ ಚಪ್ಪರಿಸುತ್ತಿದ್ದರು. ಮಂಗಳಮ್ಮನವರು ಒಳಗಿನಿಂದ, "ಎದ್ದು ಬಾಗಿಲ ತನಕ ಹೋಗೋಕಾಗಲ್ಲ, ಕೆರೆ ಏರಿ ಸುದ್ದಿ ಬೇಕು ಇವರಿಗೆ" ಎಂದು ಗೊಣಗುತ್ತಿದ್ದರು. ಗೊಣಗುತ್ತಲೇ ಇಬ್ಬರಿಗೂ ಕಾಫಿ ತಂದಿಡುತ್ತಿದ್ದರು.

ಒಂದು ಬೆಳಿಗ್ಗೆ ನಾನು ಮೆಟ್ಟು ಮೆಟ್ಟಿಕೊಂಡು ಹೊರಡುವುದರಲ್ಲಿದ್ದೆ. ಓಂಕಾರಪ್ಪನವರು ಎದೆ ಹಿಡಿದುಕೊಂಡು ಕಂಬಕ್ಕೆ ಒರಗಿದರು. ಮುಖವೆಲ್ಲ ಬೆವರು, ತುಟಿ ಬೂದಿಬಣ್ಣ. ಮಂಗಳಮ್ಮನವರು ನನ್ನ ಕೈಯಿಂದ ಮಣಿ ಬಿಚ್ಚಿ ಗಂಡನ ಕೈಗೆ ಕಟ್ಟಿದರು. ಮಿಲ್ಲಿನ ಗಾಡಿಯಲ್ಲಿ ಮೂವರೂ ಆಸ್ಪತ್ರೆಗೆ ಹೋದೆವು. ಡಾಕ್ಟರ್ ಶ್ರೀಕಂಠಯ್ಯ ಓಂಕಾರಪ್ಪನವರ ಕಡೆ ಕತ್ತು ತಿರುಗಿಸಲೂ ಇಲ್ಲ, ಮೇಜಿನ ಮೇಲೆ ಮಣಿಯ ಲೆಕ್ಕ ಮೂಡುತ್ತಿದ್ದ ಫಲಕವನ್ನು ನೋಡಿದರು.

"ಊರಲ್ಲೇ ಇಂಥ ಹೃದಯ ಇನ್ನೊಂದಿಲ್ಲ ಸಾಹುಕಾರ್ರೇ. ನಿನ್ನೆ ತನಕ ಹುಡುಗರ ಹೃದಯದ ಹಾಗಿತ್ತು. ಇವತ್ತಿಂದೇನೋ ಎಡವಟ್ಟು ತೋರಿಸ್ತಿದೆ, ಮಣಿ ಕೆಟ್ಟಿರ್ಬೇಕು. ಮಣಿಮನೇಲಿ ತೋರಿಸ್ಕೊಂಡು ಬನ್ನಿ."

"ಎದೆ ನೋಯ್ತಿದೆ ಅಂತಾರೆ ಡಾಕ್ಟ್ರೇ" ಎಂದರು ಮಂಗಳಮ್ಮನವರು.

"ಅಂತಾರೆ. ಅನ್ನೋದು ಬೇರೆ, ಇರೋದು ಬೇರೆ ಅಲ್ವೇನಮ್ಮ."

ಉಸಿರು ಎಳೆದುಕೊಳ್ಳುತ್ತಿದ್ದ ಮನುಷ್ಯನನ್ನು ಹಾಗೇ ಗಾಡಿಗೆ ಹತ್ತಿಸಿಕೊಂಡು ಮಣಿಮನೆಗೆ ಹೋದೆವು. ಅಲ್ಲಿ ಸಮಿತಿಯ ಕಾರ್ಯದರ್ಶಿ ಪಂಚಾಕ್ಷರಿ ಇದ್ದ. ವಾರವಾರವೂ ಓಂಕಾರಪ್ಪನವರ ಪಡಸಾಲೆಯಲ್ಲಿ ಕೂತು ಅವರ ಮನೆಯ ಕಾಫಿ ಕುಡಿದು ಬೆಳೆದ ಪ್ರಾಣಿ ಅದು. ಮಣಿಯನ್ನು ಒಂದು ಪೆಟ್ಟಿಗೆಗೆ ತಾಗಿಸಿ ನೋಡಿ, ಮುಖ ಗಂಟು ಹಾಕಿಕೊಂಡ.

"ಮಣಿ ಸರಿಯಾಗಿದೆ. ಕೈ ಸರಿ ಇಲ್ಲ. ಈ ನಾಡಿ ಅಧ್ಯಕ್ಷರದ್ದಲ್ಲ. ಯಾರೋ ಅವರ ಮಣಿ ಕದ್ದು ಕಟ್ಕೊಂಡಿದಾರೆ."

"ಪಂಚಾಕ್ಷರಿ, ನಾನು ಕಣಯ್ಯ" ಎಂದರು ಓಂಕಾರಪ್ಪನವರು. ಧ್ವನಿ ಬಾವಿಯೊಳಗಿಂದ ಬಂದ ಹಾಗಿತ್ತು.

ಪಂಚಾಕ್ಷರಿ ಅವರ ಮುಖವನ್ನು ಚೆನ್ನಾಗಿ ನೋಡಿದ. "ಮುಖ ಅವರದೇ ಥರ ಇದೆ, ಇಲ್ಲ ಅನ್ನಲ್ಲ. ಆದ್ರೆ ಮುಖ ನೋಡಿ ಗುರುತು ಹಿಡಿಯೋಕೆ ನಾವೇನು ಹಿಂದಿನ ಕಾಲದವರೇ?" ಎಂದ. ಆಮೇಲೆ ಮೆಟ್ಟು ಎಲ್ಲಿದೆ ಎಂದು ಹುಡುಕಿದ. ಅದು ನನ್ನ ಕಾಲಲ್ಲಿತ್ತು. ಬೆಳಗಿನ ಗಾಬರಿಯಲ್ಲಿ ನಾನು ಬಿಚ್ಚುವುದನ್ನೇ ಮರೆತಿದ್ದೆ. ಅವನು ಮಣಿಯನ್ನು ತೆಗೆದು ನನ್ನ ಕೈಗೆ ಕಟ್ಟಿ, ಪೆಟ್ಟಿಗೆಗೆ ತಾಗಿಸಿದ. ಪೆಟ್ಟಿಗೆ ಹಸಿರು ದೀಪ ಹಾಕಿತು. ಒಂದು ವರ್ಷದಿಂದ ಆ ಮಣಿ ಕೇಳಿಕೊಂಡು ಬಂದದ್ದು ನನ್ನ ನಾಡಿಯನ್ನೇ ತಾನೆ. ಪಂಚಾಕ್ಷರಿ ಎದ್ದು ನಿಂತು ಕೈಮುಗಿದ.

"ಓಂಕಾರಪ್ಪನೋರೇ, ಕ್ಷಮಿಸ್ಬೇಕು. ತಟ್ಟನೆ ಗುರುತು ಸಿಗ್ಲಿಲ್ಲ."

ನಾನು ಬಾಯಿಗೆ ಬಂದಂತೆ ಬೈದೆ. ನಾನು ಚೌಡಮ್ಮ, ಬಾಡಿಗೆಗೆ ನಡೆಯುವವಳು, ಹೋದ ವರ್ಷ ನಿಮ್ಮ ತಾಯಿಯ ಮೆಟ್ಟು ನಡೆಸಿದವಳೂ ನಾನೇ ಎಂದು ಕೂಗಿದೆ. ಪಂಚಾಕ್ಷರಿ ಕಿವಿ ಮುಚ್ಚಿಕೊಂಡು ನಕ್ಕ. ಅಧ್ಯಕ್ಷರಿಗೆ ತಮಾಷೆ ಹೆಚ್ಚು ಎಂದು ಅಲ್ಲಿದ್ದ ಗುಮಾಸ್ತರಿಗೆಲ್ಲ ಹೇಳಿದ. ಸೀರೆ ಉಟ್ಟು, ಕುಂಕುಮ ಇಟ್ಟು, ತಲೆಗೆ ಹೂವು ಮುಡಿದು ನಿಂತಿದ್ದ ನನಗೆ ಗುಮಾಸ್ತರೂ ಕೈಮುಗಿದರು. ಓಂಕಾರಪ್ಪನವರು ಒಂದು ಮೂಲೆಯಲ್ಲಿ ಕೂತಿದ್ದರು. ಈ ಕಾಯಿದೆ ಮಾಡುವಾಗ ಕೈಚಪ್ಪಾಳೆ ಗಿಟ್ಟಿಸಿದವರು, ಈಗ ಅದೇ ಕಾಯಿದೆಯ ಕಾಲಡಿಗೆ ಸಿಕ್ಕಿದರು. ಬಾಯಿ ಬಿಟ್ಟು ನಡೆದದ್ದು ಹೇಳಿದರೂ ನಂಬುವವರಿಲ್ಲ, ನಂಬಿದರೆ ಮೋಸಗಾರ ಎಂದು ಬೀದಿಗೆ ಹಾಕುತ್ತಾರೆ. ಮೇಲೇಳಲು ನಮ್ಮಿಬ್ಬರ ಕಡೆ ಕೈ ಚಾಚಿದರು.

ಮನೆಗೆ ಬಂದು ಅವರನ್ನು ಪಡಸಾಲೆಯ ಮಂಚದಲ್ಲಿ ಮಲಗಿಸಿದೆವು. ಈಗ ಅವರು ಹೆಸರಿಲ್ಲದವರು. ಹೆಸರಿಲ್ಲದವರನ್ನು ಆಸ್ಪತ್ರೆ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಔಷಧಿ ಅಂಗಡಿಯ ಕಪಾಟು ರೋಗಿಯ ಮಣಿ ಇಲ್ಲದೆ ತೆರೆಯುವುದಿಲ್ಲ. ಮಂಗಳಮ್ಮನವರು ಗಂಡನ ಎದೆಗೆ ಬೆಚ್ಚಗೆ ಎಣ್ಣೆ ಹಚ್ಚುತ್ತ ಬಹಳ ಹೊತ್ತು ಯೋಚಿಸಿದರು. ಆ ಮನೆಯಲ್ಲಿ ತಲೆ ಇದ್ದದ್ದು ಅವರಿಗೇ.

"ನೀನು ಕಾಯ್ಲೆ ಬೀಳು ಚೌಡಮ್ಮ" ಎಂದರು.

"ಅಂದ್ರೆ?"

"ಊರಿಗೆ ಓಂಕಾರಪ್ಪ ಅಂದ್ರೆ ನೀನು. ನಿನಗೆ ಎದೆನೋವು ಬಂದ್ರೆ ಆಸ್ಪತ್ರೆಗೆ ಹಾಕ್ತಾರೆ. ಅವರು ಕೊಡೋ ಮಾತ್ರೆ ನಾನು ಇಲ್ಲಿಗೆ ತರ್ತೀನಿ. ಇವರು ಉಳೀಬೇಕು ಅಂದ್ರೆ ಬೇರೆ ದಾರಿ ಇಲ್ಲ ಕಣೆ."

ಜೀವಮಾನದಲ್ಲಿ ನೆಗಡಿ ಬಿಟ್ಟರೆ ಬೇರೆ ಕಾಯಿಲೆ ಕಾಣದವಳು ನಾನು. ಆದರೂ ಆ ದಿನದಿಂದ ಕಾಯಿಲೆ ಬೀಳಲು ಕಲಿತೆ. ಕಾಲೆಳೆದುಕೊಂಡು ನಡೆದೆ, ನಾಲ್ಕು ಹೆಜ್ಜೆಗೊಮ್ಮೆ ಕಲ್ಲಿನ ಮೇಲೆ ಕೂತೆ. ಹಲಗೆಯಲ್ಲಿ ಓಂಕಾರಪ್ಪನವರ ಹೆಸರು ಇಳಿಯತೊಡಗಿತು. ಮಾರನೆಯ ದಿನ ಮಣಿಮನೆಯಿಂದ ಆಳು ಬಂದ. ಅಧ್ಯಕ್ಷರ ನಡಿಗೆ ಕೆಟ್ಟಿರುವುದು ಗಮನಕ್ಕೆ ಬಂದಿದೆ ಎಂದು ಹೇಳಿ, ಒಂದು ಜೊತೆ ಹೊಸ ಮೆಟ್ಟು ಕೊಟ್ಟುಹೋದ. ನಡೆಯುವವನಿಗೆ ಏನಾದರೂ ಆಗಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ, ಚರ್ಮಕ್ಕೆ ಏನಾಗಿದೆ ಎಂದು ನೋಡಿದರು. ಇದಕ್ಕೆ ನಗಬೇಕೋ ಎರಡು ಬಾರಿಸಬೇಕೋ ನನಗೆ ತಿಳಿಯಲಿಲ್ಲ.

ಕೊನೆಗೆ ಹೊಗೆಸೊಪ್ಪು ಕೈಹಿಡಿಯಿತು. ರೂಢಿ ಇಲ್ಲದ ಬಾಯಿಗೆ ಒಂದು ಹಿಡಿ ತುರುಕಿಕೊಂಡು, ಹಿತ್ತಿಲಲ್ಲಿ ಪೇರಿಸಿದ್ದ ಮಿಲ್ಲಿನ ಹಿಂಡಿ ಮೂಟೆಗಳ ಮೇಲೆ ಹತ್ತಿ ಇಳಿದೆ. ತಲೆ ಗಿರ್ರೆಂದಿತು, ಎದೆ ತಮಟೆಯ ಹಾಗೆ ಬಡಿಯಿತು, ವಾಂತಿ ಬಂತು. ಕೈಮಣಿ ಮಣಿಮನೆಗೆ ಏನು ಹೇಳಿತೋ, ನಾನು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಆಸ್ಪತ್ರೆಯ ಗಾಡಿ ಬಂತು. ಅದರವರು ಪಡಸಾಲೆ ದಾಟಿಕೊಂಡೇ ಬಂದರು. ಅಲ್ಲಿ ಮಂಚದ ಮೇಲೆ ನೀಲಿಗಟ್ಟಿ ಮಲಗಿದ್ದ ಮನುಷ್ಯನನ್ನು ಬಳಸಿಕೊಂಡು ಹಿತ್ತಿಲಿಗೆ ಬಂದು, ಗಟ್ಟಿಮುಟ್ಟಾಗಿ ನಿಂತಿದ್ದ ನನ್ನನ್ನು ಎತ್ತಿಕೊಂಡು ಹೋದರು.

ನನ್ನನ್ನು ಗಂಡಸರ ವಾರ್ಡಿನಲ್ಲಿ ಮಲಗಿಸಿದರು. ಸಾಹುಕಾರರು ಕಾಯಿಲೆಯಲ್ಲಿ ತುಂಬ ಇಳಿದುಹೋಗಿದ್ದಾರೆ ಎಂದು ನರ್ಸಮ್ಮ ನಿಟ್ಟುಸಿರು ಬಿಟ್ಟಳು. ಡಾಕ್ಟರು ಬೆಳಿಗ್ಗೆ ಸಂಜೆ ಬಂದು ಮಂಚದ ತಲೆಗಿದ್ದ ಫಲಕವನ್ನು ವಿಚಾರಿಸಿಕೊಂಡು ಹೋಗುತ್ತಿದ್ದರು. ಮಾತ್ರೆಯ ಡಬ್ಬಿಗೆ ಮಣಿ ಇತ್ತು, ಡಬ್ಬಿ ತೆರೆದರೆ ಮಾತ್ರೆ ನುಂಗಿದ ಲೆಕ್ಕ. ನನ್ನ ಬಾಯಿಯನ್ನು ನೋಡಿದವರು ಯಾರೂ ಇಲ್ಲ. ಮಾತ್ರೆಗಳನ್ನು ತೆಗೆದು ಸೆರಗಿನ ತುದಿಯಲ್ಲಿ ಗಂಟು ಹಾಕಿ ಇಟ್ಟುಕೊಳ್ಳುತ್ತಿದ್ದೆ. ಮಂಗಳಮ್ಮನವರು ದಿನವೂ ಮಧ್ಯಾಹ್ನ ನನ್ನನ್ನು ನೋಡುವ ನೆಪದಲ್ಲಿ ಬಂದು ತಮ್ಮ ಎಲೆಅಡಿಕೆ ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಗಂಡನನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ವಾರ್ಡಿನವರು ಅವರನ್ನು ಮೆಚ್ಚಿಕೊಂಡರು.

ಮಾತ್ರೆ ನಾಟಿತು. ಮೊದಲು ಬೆವರು ನಿಂತಿತಂತೆ, ಆಮೇಲೆ ಗಂಜಿ ಸೇರಿತಂತೆ. ಒಂದು ದಿನ ಮಂಗಳಮ್ಮನವರು ಬಂದಾಗ ಅವರ ಮುಖ ಹೊಳೆಯುತ್ತಿತ್ತು.

"ಇವತ್ತು ದಿಂಬಿಗೆ ಒರಗಿ ಕೂತಿದ್ರು ಕಣೆ. ಕೂತೋರು ಏನು ಕೇಳಿದ್ರು ಗೊತ್ತಾ? ಇವತ್ತು ನಾನು ಎಲ್ಲೆಲ್ಲಿಗೆ ಹೋಗಿದ್ದೆ, ಚೌಡಮ್ಮನ್ನ ಕೇಳ್ಕೊಂಡ್ ಬಾ ಅಂದ್ರು."

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. "ಮಂಚದಿಂದ ಕಿಟಕಿ ತನಕ ಹೋಗಿದ್ರಿ ಅಂತ ಹೇಳ್ರವ್ವ. ಆಚೆ ಒಂದು ಬೇವಿನ ಮರ ಐತೆ. ಅಳಿಲು ಎರಡು ಜಗಳ ಆಡ್ತಿದ್ವು, ನಿಂತ್ಕೊಂಡು ನೋಡಿದ್ರಿ ಅಂತ ಹೇಳಿ."

ಆಮೇಲೆ ಕೆಟ್ಟದ್ದು ಶುರುವಾಯಿತು. ಆಸ್ಪತ್ರೆಯ ಹಾಲು, ಬ್ರೆಡ್ಡು, ಮಧ್ಯಾಹ್ನದ ನಿದ್ದೆ ನನ್ನ ಮೈಗೆ ಹತ್ತಿಬಿಟ್ಟಿತು. ಹೊಗೆಸೊಪ್ಪು ಅಲ್ಲಿಗೆ ಬಿಡುವುದಿಲ್ಲ. ಉಸಿರು ಬಿಗಿಹಿಡಿದೆ, ಊಟ ಬಿಟ್ಟೆ, ಕೆಟ್ಟಕೆಟ್ಟದ್ದನ್ನೆಲ್ಲ ನೆನೆಸಿಕೊಂಡೆ. ಏನು ಮಾಡಿದರೂ ಕತ್ತೆಯಂಥ ನನ್ನ ಆರೋಗ್ಯ ಜಗ್ಗಲಿಲ್ಲ. ಡಾಕ್ಟರು ಒಂದು ಬೆಳಿಗ್ಗೆ ಫಲಕ ನೋಡಿ ಚಪ್ಪಾಳೆ ತಟ್ಟಿದರು.

"ಸಂಪೂರ್ಣ ಗುಣ. ಇನ್ನು ಮಾತ್ರೆ ಬೇಡ."

"ಇನ್ನೂ ನೋಯ್ತದೆ ಡಾಕ್ಟ್ರೇ" ಎಂದೆ.

"ನೋವಿಲ್ಲ. ನಿಮಗೆ ಹಾಗೆ ಅನ್ನಿಸ್ತಿದೆ ಅಷ್ಟೆ."

ನಾನು ಮಂಚದಿಂದ ಇಳಿದು ಅವರ ಕಾಲು ಹಿಡಿದುಕೊಂಡೆ. ಮೊದಲಿಂದ ಕೊನೆಯ ತನಕ ಎಲ್ಲವನ್ನೂ ಹೇಳಿದೆ. ನಿಜವಾದ ಓಂಕಾರಪ್ಪ ಮಿಲ್ಲಿನ ಪಡಸಾಲೆಯಲ್ಲಿ ಮಲಗಿದ್ದಾರೆ, ಮಾತ್ರೆ ನಿಂತರೆ ಹೋಗಿಬಿಡುತ್ತಾರೆ, ನನ್ನನ್ನು ಜೈಲಿಗೆ ಹಾಕಿ ಬೇಕಾದರೆ, ಒಂದು ಸಲ ಬಂದು ಅವರ ಎದೆಗೆ ಕಿವಿ ಕೊಡಿ ಎಂದು ಗೋಗರೆದೆ. ಡಾಕ್ಟರು ತಾಳ್ಮೆಯಿಂದ ಕೇಳಿದರು. ಒಳ್ಳೆಯ ಮನುಷ್ಯ, ಭುಜ ತಟ್ಟಿದರು. ದೊಡ್ಡ ಕಾಯಿಲೆಯಿಂದ ಎದ್ದವರಿಗೆ ತಾನು ಬೇರೆ ಯಾರೋ ಅನ್ನಿಸುವುದು ಸಹಜ ಎಂದು ನರ್ಸಮ್ಮನಿಗೆ ವಿವರಿಸಿದರು. ಅವರು ಹೋದ ಮೇಲೆ ನಾನು ಔಷಧಿಯ ಕಪಾಟನ್ನು ಎರಡು ಕೈಯಲ್ಲೂ ಹಿಡಿದು ಎಳೆದೆ, ಒದ್ದೆ. ಗುಣವಾದವರಿಗೆ ಅದು ತೆರೆಯುವುದಿಲ್ಲ. ನರ್ಸಮ್ಮ ಫಲಕ ನೋಡಿ, ಸಾಹುಕಾರರ ತೋಳಿನಲ್ಲಿ ಶಕ್ತಿ ಮರಳಿದೆ ಎಂದಳು.

ಮಾತ್ರೆ ನಿಂತಿತು, ನನ್ನನ್ನು ಮಾತ್ರ ಬಿಡಲಿಲ್ಲ. ಅಧ್ಯಕ್ಷರು ಗುಣವಾದದ್ದಕ್ಕೆ ಮೆರವಣಿಗೆ ಮಾಡಬೇಕೆಂದು ಸಮಿತಿ ತೀರ್ಮಾನಿಸಿತ್ತು, ಒಳ್ಳೆಯ ದಿನಕ್ಕೆ ಕಾಯುತ್ತಿದ್ದರು. ಮಂಗಳಮ್ಮನವರು ಬಂದು ನನ್ನ ಖಾಲಿ ಸೆರಗನ್ನು ನೋಡಿ ಹೋಗುತ್ತಿದ್ದರು.   ಕೊನೆಯ ದಿನ ಅವರು ಬರಲೇ ಇಲ್ಲ.

ಮೆರವಣಿಗೆಯ ಬೆಳಿಗ್ಗೆ ನನಗೆ ಜರಿಯ ಶಾಲು ಹೊದಿಸಿ, ಕತ್ತು ಮುಳುಗುವಷ್ಟು ಹಾರ ಹಾಕಿ, ತೆರೆದ ಜೀಪಿನಲ್ಲಿ ನಿಲ್ಲಿಸಿದರು. ಮುಂದೆ ವಾಲಗದವರು. ದಾರಿಯುದ್ದಕ್ಕೂ ಜನ ಓಂಕಾರಪ್ಪನವರಿಗೆ ಜೈ ಎಂದರು. ಅವರಲ್ಲಿ ನನ್ನಿಂದ ಮೆಟ್ಟು ನಡೆಸಿಕೊಂಡವರೇ ಅರ್ಧ ಇದ್ದರು. ಒಬ್ಬನ ಕಣ್ಣಲ್ಲಾದರೂ ಗುರುತಿನ ಎಳೆ ಸಿಗುತ್ತದೆಯೇ ಎಂದು ಹುಡುಕಿದೆ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಮಿಲ್ಲಿನ ಮನೆಯ ಮುಂದೆ ಜೀಪು ನಿಂತಾಗ ಮಂಗಳಮ್ಮನವರು ಹೊಸ್ತಿಲಲ್ಲಿ ಕೂತಿದ್ದರು. ತಲೆಗೂದಲು ಕಟ್ಟಿರಲಿಲ್ಲ. ಅವರನ್ನು ನೋಡಿದ ಕೂಡಲೇ ನನಗೆ ತಿಳಿಯಿತು.

"ಆರತಿ ತನ್ನಿ ಅಮ್ಮಾವ್ರೇ, ಯಜಮಾನರು ಬಂದಿದಾರೆ" ಎಂದ ಪಂಚಾಕ್ಷರಿ.

"ಯಜಮಾನರು ಬೆಳಗಿನ ಜಾವ ಹೋದ್ರು ಕಣಪ್ಪ" ಎಂದರು ಮಂಗಳಮ್ಮನವರು. ಅತ್ತು ಅತ್ತು ಅವರ ಗಂಟಲು ಒಡೆದುಹೋಗಿತ್ತು. "ಮಣ್ಣು ಮಾಡೋ ಏರ್ಪಾಡು ಮಾಡ್ಸಿ."

ಪಂಚಾಕ್ಷರಿ ಒಳಗೆ ಇಣುಕಿದ. ಹಿಂದೆ ಬಂದವರೂ ಇಣುಕಿದರು. ಪಡಸಾಲೆಯ ಮಂಚದಲ್ಲಿ ಓಂಕಾರಪ್ಪನವರು ಮಲಗಿದ್ದರು, ತುಂಬುತೋಳಿನ ಜುಬ್ಬ ಹಾಕಿಸಿ ಕೈ ಜೋಡಿಸಿದ್ದರು. ಪಂಚಾಕ್ಷರಿ ಹೊರಗೆ ಬಂದು ನನ್ನ ಕೈಮಣಿಯನ್ನು ತೋರಿಸಿದ.

"ಯಜಮಾನರು ಇಲ್ಲಿದಾರಲ್ಲಮ್ಮ. ಬದುಕಿರೋರ ಹೆಸರಲ್ಲಿ ಮಣ್ಣು ಮಾಡಕ್ಕಾಗಲ್ಲ, ರುದ್ರಭೂಮಿ ಗೇಟು ತೆಗೆಯಲ್ಲ. ಒಳಗಿರೋದು ಹೆಸರಿಲ್ಲದ ಹೆಣ. ಕಸದ ಗಾಡಿ ಕಳಿಸ್ತೀವಿ, ತಗೊಂಡ್ ಹೋಗುತ್ತೆ. ಒಳ್ಳೆ ಕೆಲಸದ ದಿನ ಅಳಬೇಡಿ."

ಮಂಗಳಮ್ಮನವರು ನನ್ನ ಕಡೆ ನೋಡಿದರು.  ಜೀಪಿನಿಂದ ಧುಮುಕಿ ಹಾರ ಕಿತ್ತೆಸೆದೆ. ಪಂಚಾಕ್ಷರಿಯ ಕೆನ್ನೆಗೆ ಒಂದು ಬಿಟ್ಟೆ. ಅಧ್ಯಕ್ಷರು ಹೊಡೆದದ್ದೆಂದು ಅವನು ತಲೆ ಬಗ್ಗಿಸಿ ನಿಂತುಕೊಂಡ. ಒಳಗೆ ಹೋಗಿ, ಮೆಟ್ಟು ಬಿಚ್ಚಿ ಬದಿಗಿಟ್ಟು, ಕೈಮಣಿಯನ್ನು ಓಂಕಾರಪ್ಪನವರ ತಣ್ಣಗಿನ ಕೈಗೆ ಕಟ್ಟಿದೆ. ನಿಂತ ನಾಡಿಯನ್ನು ಯಾವುದರ ಜೊತೆಗೂ ತಾಳೆ ನೋಡಬೇಕಾಗಿಲ್ಲ. ಸ್ವಲ್ಪ ಹೊತ್ತಿಗೆ ಚೌಕದ ಹಲಗೆಯ ಗಂಟೆ ಬಾರಿಸಿತು. ಹಲಗೆಯ ಲೆಕ್ಕದಲ್ಲಿ ಓಂಕಾರಪ್ಪನವರು ಈಗ ತಾನೇ ತೀರಿಕೊಂಡರು.

ಆಗ ಊರು ಅತ್ತಿತು. ಬಾಗಿಲಲ್ಲಿ ನಿಂತು ಹೆಣವನ್ನು ಕಣ್ಣಾರೆ ನೋಡಿಯೂ ಕದಲದವರು ಗಂಟೆ ಕೇಳಿದ ಮೇಲೆ ಎದೆ ಬಡಿದುಕೊಂಡರು. ಮಣಿ ಬಿಚ್ಚಿದ ನಾನು ಅವರ ಕಣ್ಣಿಗೆ ಬೀಳಲೇ ಇಲ್ಲ. ಪಂಚಾಕ್ಷರಿ ನೆಲಕ್ಕೆ ಬಿದ್ದು ಹೊರಳಾಡಿದ. ಅದು ನಾಟಕವಲ್ಲ, ಅವನ ಕಣ್ಣಲ್ಲಿ ನಿಜವಾದ ನೀರೇ ಬರುತ್ತಿತ್ತು. ನನಗೆ ಅಸಹ್ಯವಾದದ್ದು ಅದೇ. ವಾಲಗದವರು ರಾಗ ಬದಲಾಯಿಸಿದರು. ಮಂಗಳಮ್ಮನವರು ಗಂಡನ ತಲೆಯ ಹತ್ತಿರ ಸುಮ್ಮನೆ ಕೂತರು. ಬೆಳಗಿನ ಜಾವದಿಂದ ಅತ್ತ ಮೈ ಅದು, ಬತ್ತಿಹೋಗಿತ್ತು.

ಆಮೇಲೆ ಗುಜುಗುಜು ಶುರುವಾಯಿತು. ಯಾರೋ ಚೌಕದಿಂದ ಓಡಿಬಂದು ಹಲಗೆಯಲ್ಲಿ ಬಂದದ್ದನ್ನು ಹೇಳಿದರು. ಗಂಡ ಸತ್ತ ಗಳಿಗೆಯಲ್ಲಿ ಮಂಗಳಮ್ಮನವರ ನಾಡಿ ಕದಲಲಿಲ್ಲ, ಉಸಿರು ಸಮನಾಗಿತ್ತು. ಪಂಚಾಕ್ಷರಿ ಮೇಲೆದ್ದು ಮೈ ಕೊಡವಿಕೊಂಡು ಕಣ್ಣೊರೆಸಿಕೊಂಡ.

"ಅಮ್ಮಾವ್ರೇ, ತಪ್ಪು ತಿಳೀಬೇಡಿ. ದುಃಖ ಇಲ್ಲದವರನ್ನ ಹೆಣದ ಹತ್ರ ಕೂರಿಸೋ ಹಾಗಿಲ್ಲ. ಅಧ್ಯಕ್ಷರೇ ಮಾಡಿದ ನಿಯಮ. ನೀವು ಆಚೆ ಬರ್ಬೇಕು. ದುಃಖ ಬಂದ ಮೇಲೆ ಒಳಗೆ ಹೋಗಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಮೂಗು ಮುರಿದರು. ಮಂಗಳಮ್ಮನವರು ಎದ್ದರು. ಮುಖ ತೊಳೆದು ಬರುತ್ತೇನೆ ಎಂದು ಹೇಳಿ, ನನ್ನ ಕೈ ಹಿಡಿದುಕೊಂಡು ಮಿಲ್ಲಿನ ಹಿಂದಕ್ಕೆ ಹೋದರು. ಹಿಂಡಿ ಮೂಟೆಗಳ ಮರೆಯಲ್ಲಿ ನಿಂತು ತಮ್ಮ ಕೈಮಣಿ ಬಿಚ್ಚತೊಡಗಿದರು. ಗಂಟು ಬಿಚ್ಚಿಕೊಳ್ಳಲಿಲ್ಲ, ನಾನೇ ಬಿಚ್ಚಿದೆ. ಸಾವಿನ ಮನೆಯವರ ನಾಡಿ ಗುರುತು ಸಿಗದಂತಾಗುತ್ತದೆ ಎಂದು ಮಣಿಮನೆ ಆ ಒಂದು ದಿನ ತಾಳೆ ನೋಡುವುದಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ನನ್ನದು ಮುಗಿದುಹೋಗಿದೆ ಚೌಡಮ್ಮ. ಅತ್ತು ಅತ್ತು ಖಾಲಿಯಾಗಿದೀನಿ. ಅವರ ಹತ್ರ ಕೂರೋಕೆ ಬಿಡ್ಲಿ, ಅಷ್ಟು ಸಾಕು. ನೀನು ಒಂದಿಷ್ಟು ಅತ್ತುಬಿಡ್ತೀಯಾ?"

ಬೇರೆಯವರಿಗಾಗಿ ನಡೆದಿದ್ದೇನೆ, ಏದುಸಿರು ಬಿಟ್ಟಿದ್ದೇನೆ, ಕಾಯಿಲೆ ಬಿದ್ದಿದ್ದೇನೆ, ಗುಣವಾಗಿದ್ದೇನೆ. ಅತ್ತದ್ದು ಮಾತ್ರ ಇಲ್ಲ. ಅವರ ಮಣಿ ನನ್ನ ಕೈಗೆ ಕಟ್ಟಿಕೊಂಡು, ಹೇಗೆ ಶುರುಮಾಡಬೇಕೋ ತಿಳಿಯದೆ ಮೂಟೆಗೆ ಒರಗಿ ಕೂತೆ. ಮಂಗಳಮ್ಮನವರು ಒಂದು ಕ್ಷಣ ನನ್ನ ತಲೆಯ ಮೇಲೆ ಕೈಯಿಟ್ಟು, ಸೆರಗು ಎಳೆದುಕೊಂಡು ಒಳಗೆ ಹೊರಟರು. ಅವರ ಬೆನ್ನು ನೋಡುತ್ತಿದ್ದ ಹಾಗೇ ನನಗೆ ಬಂದುಬಿಟ್ಟಿತು. ಇಂಥ ಊರು ಕಟ್ಟಿದ ಆ ದಡ್ಡ ಮನುಷ್ಯನ ಮೇಲೆ ಸಿಟ್ಟು ಬಂತು. ಒಂದು ಡಬ್ಬಿ ಮಾತ್ರೆಗೆ ಗತಿಯಿಲ್ಲದೆ, ತನ್ನ ಮನೆಯಲ್ಲೇ ಹೆಸರಿಲ್ಲದೆ ಸತ್ತನಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಆಮೇಲೆ ಸೆರಗು ತೆಗೆದು ಗಟ್ಟಿಯಾಗಿಯೇ ಅತ್ತೆ.

ಚೌಕದಲ್ಲಿ ಮತ್ತೆ ಗಂಟೆ ಬಾರಿಸಿತು. ಇಂಥ ದುಃಖ ಈ ಊರಲ್ಲಿ ಇದುವರೆಗೆ ಯಾರೂ ಪಟ್ಟಿಲ್ಲ ಎಂದು ಹಲಗೆಯಲ್ಲಿ ಬಂತಂತೆ. ಪಡಸಾಲೆಯಲ್ಲಿ ಜನ ದಾರಿ ಬಿಟ್ಟು ಮಂಗಳಮ್ಮನವರನ್ನು ಗಂಡನ ಪಕ್ಕ ಕೂರಿಸಿದರು. ಅವರು ಒಣಗಿದ ಕಣ್ಣಿನಲ್ಲಿ ಗಂಡನ ಹಣೆ ಒರೆಸುತ್ತ ಕೂತರು. ಪಾಪ, ಎಷ್ಟು ಅಳುತ್ತಿದ್ದಾರೆ ನೋಡಿ ಎಂದು ಪಂಚಾಕ್ಷರಿ ಎಲ್ಲರಿಗೂ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಹಿಂಡಿ ಮೂಟೆಗಳ ಹಿಂದೆ ನಾನು ಇನ್ನೂ ಅಳುತ್ತಲೇ ಇದ್ದೆ.